ಕಾಡುಹಣ್ಣು ಯಾರ ಸ್ವತ್ತು?

ಮುಂಗಾರು ಸಮೀಪಿಸಿತೆಂದರೆ ಪೇಟೆಯ ಬೀದಿಗಳಲ್ಲಿ ಕವಳೆಹಣ್ಣಿನ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಬೆನ್ನಿಗೇ ನೇರಳೆ ಬರುತ್ತದೆ. ಚಳಿಗಾಲಕ್ಕೆ ನೆಲ್ಲಿ, ಬೋರೆ. ಈ ಹಣ್ಣನ್ನು ಯಾರೂ ಬಿತ್ತಲಿಲ್ಲ, ನೀರೆರೆಯಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟೇಕೆ ಬೆಲೆ ಎಂದು ಚೌಕಾಶಿ ಮಾಡುವವರುಂಟು. ಈ ಲೆಕ್ಕ ತಪ್ಪು. ಕವಳೆಯದು ಮುಳ್ಳಿನ ಪೊದೆ. ಕಾಯಿ ಕಿತ್ತರೆ ಕೈಗೆ ಹಾಲಿನಂತಹ ಅಂಟು. ನಸುಕಿನಲ್ಲೇ ಗುಡ್ಡ ಹತ್ತಿ, ಮೈಕೈ ಪರಚಿಸಿಕೊಂಡು, ಒಂದೊಂದಾಗಿ ಬಿಡಿಸಿ, ಬುಟ್ಟಿ ಹೊತ್ತು ತಂದ ಹೆಂಗಸಿನ ದುಡಿಮೆಯೇ ಅದರ ಬೆಲೆ. ನೇರಳೆಯಂತೂ ಬೇಗನೆ ಕೆಡುವ ಹಣ್ಣು. ಸಂಜೆಗೆ ಕೇಳಿದ ಬೆಲೆಗೆ ಕೊಟ್ಟು ಹೋಗದೆ ವಿಧಿಯಿಲ್ಲ. ಪಾಳಿಯ ಕೂಲಿಗೆ ದುಡಿಯುವ ಗಿರಣಿ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕೆ?

ಕಿತ್ತವಳ ಕಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಬ್ರಿಟಿಷರ 1878ರ ಅರಣ್ಯ ಕಾಯಿದೆ ಕಾಡಿಗೆ ಬೇಲಿ ಹಾಕಿತು. 1927ರ ಕಾಯಿದೆಯೂ ಅದೇ ಜಾಡು ಹಿಡಿಯಿತು. ಹಣ್ಣು, ಹೂವು, ಎಲೆ, ಜೇನು ಎಲ್ಲವೂ 'ಅರಣ್ಯ ಉತ್ಪನ್ನ'ವಾದವು; ಮೀಸಲು ಕಾಡಿನಲ್ಲಿ ಅಪ್ಪಣೆಯಿಲ್ಲದೆ ಕಿತ್ತವರು ಅಪರಾಧಿಗಳಾದರು. ಸ್ವಾತಂತ್ರ್ಯ ಬಂದು ಐವತ್ತೊಂಬತ್ತು ವರ್ಷ ಕಳೆದ ಮೇಲೆ, 2006ರ ಅರಣ್ಯ ಹಕ್ಕು ಕಾಯಿದೆಯು ಪರಂಪರೆಯಿಂದ ಆಯ್ದು ತರುವ ಕಿರು ಅರಣ್ಯ ಉತ್ಪನ್ನದ ಒಡೆತನ ಕಾಡಿನ ಜನರದೇ ಎಂದು ಒಪ್ಪಿತು. ಆದರೆ ಬುಡಕಟ್ಟಿನವರಲ್ಲದ ಬಡವರು 75 ವರ್ಷಗಳ ಕಾಡಿನ ಬಾಳನ್ನು ರುಜುವಾತು ಪಡಿಸಬೇಕು. ಗುಡಿಸಲಿನವರು ದಾಖಲೆ ತರುವುದೆಲ್ಲಿಂದ?

ಕಾಯಿದೆ ತಾನಾಗಿ ನಡೆಯದು ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರೇ ಸಾಕ್ಷಿ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು. 2006ರಲ್ಲಿ ನೆಲ್ಲಿ, ಜೇನು ಆಯ್ದು ಮಾರುವುದಕ್ಕೇ ತಡೆ ಬಿತ್ತು. ಪಟ್ಟು ಬಿಡದೆ ಹೋರಾಡಿದ ಸೋಲಿಗರ ಗ್ರಾಮಸಭೆಗಳು 2011ರಲ್ಲಿ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಸಮುದಾಯದ ಹಕ್ಕನ್ನು ಪಡೆದವು.

ಆಯುವವರಿಂದ ಕಾಡು ಹಾಳಾಗುತ್ತದೆಂಬ ಆಕ್ಷೇಪವಿದೆ. ಕೊಂಬೆ ಕಡಿದು ಹಣ್ಣು ಇಳಿಸುವುದು ತಪ್ಪೇ ಸರಿ. ಆದರೆ ಕಾಡನ್ನು ಕಾಪಾಡುವ ಹೊಣೆಯನ್ನೂ ಅದೇ ಕಾಯಿದೆ ಗ್ರಾಮಸಭೆಗೆ ವಹಿಸಿದೆ. ಮರುವರ್ಷದ ಹಣ್ಣನ್ನು ನಂಬಿ ಬದುಕುವವನಿಗಿಂತ ಗಿಡದ ಮೇಲೆ ಹೆಚ್ಚಿನ ಅಕ್ಕರೆ ಯಾರಿಗಿದ್ದೀತು?

ಕಾಡಿನಾಚೆಯ ಗೋಮಾಳದ ಗತಿ ಇನ್ನೂ ಕಷ್ಟ. 1966ರ ಭೂಕಂದಾಯ ನಿಯಮಗಳು ನೂರು ದನಕ್ಕೆ 30 ಎಕರೆಯಂತೆ ಗೋಮಾಳವನ್ನು ಲೆಕ್ಕ ಹಾಕುತ್ತವೆ. ಬೋರೆ, ಕವಳೆ ಆಯುವ ಕೈಗಳು ಆ ಲೆಕ್ಕದಲ್ಲಿಲ್ಲ. ದನ ಕಡಿಮೆಯಾದರೆ ನೆಲ 'ಹೆಚ್ಚುವರಿ'ಯಾಗುತ್ತದೆ, ಬೇಲಿ ಬೀಳುತ್ತದೆ. ಊರೊಟ್ಟಿನ ನೆಲದ ಒತ್ತುವರಿ ತೆರವುಗೊಳಿಸಿರೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಹೇಳಿತು. ಆ ಮಾತನ್ನು ಪ್ರತಿ ಪಂಚಾಯಿತಿಯಲ್ಲೂ ಎತ್ತಿ ಕೇಳಬೇಕಾದವರು ನಾವು.

ಅಂಗಡಿಕಾರ ಬಂಧುಗಳಲ್ಲಿ ಒಂದು ಮಾತು. ನಿಮ್ಮ ಕಟ್ಟೆಯ ಬದಿಯಲ್ಲಿ ಬುಟ್ಟಿ ಇಳಿಸಿದ ಮುದುಕಿ ನಿಮ್ಮ ಎದುರಾಳಿಯಲ್ಲ. ಬುಟ್ಟಿ ಖಾಲಿಯಾದ ಮೇಲೆ ಅವಳು ಉಪ್ಪು, ಎಣ್ಣೆ ಕೊಳ್ಳುವುದು ನಿಮ್ಮಲ್ಲಿಯೇ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯಿದೆಯಿದೆ. ಅವಳನ್ನು ಎಬ್ಬಿಸಲು ಬಂದವರ ಮುಂದೆ ನೀವು ಅವಳ ಪರವಾಗಿ ನಿಲ್ಲಿರಿ. ಕಾಡು ಬೆಳೆಸಿದ್ದನ್ನು ಕೈ ಆಯ್ದು ತಂದಿದೆ. ಅದರ ಬೆಲೆ ಆ ಕೈಗೇ ಸಲ್ಲಬೇಕು.