ಹಾಸ್ಯದಿಂದ ಹುಟ್ಟಿದ ಹೆಸರು

ಒಂದು ಕಾರ್ಯದಲ್ಲಿ ಮನಸ್ಸಿಟ್ಟವರನ್ನು ಕಂಡರೆ ಅಡ್ಡಹೆಸರಿಡುವುದು ಲೋಕದ ರೂಢಿ. ಸದಾ ಓದುವವಳು ‘ಪುಸ್ತಕದ ಹುಳು’. ಪ್ರಾರ್ಥನೆಗೆ ತಪ್ಪದವಳು ‘ಮಹಾ ಭಕ್ತೆ’. ಇಂಥ ಮಾತಿಗೆ ನಾಚಿ ಪುಸ್ತಕವನ್ನು ಸೆರಗಿನಲ್ಲಿ ಮರೆಮಾಡುವ ಸಹೋದರಿಯರು ‘ಮೆಥೊಡಿಸ್ಟ್’ ಎಂಬ ಹೆಸರಿನ ಪೂರ್ವವೃತ್ತಾಂತವನ್ನು ತಿಳಿದಿರಬೇಕೆಂದು ನನ್ನ ಅಭಿಪ್ರಾಯ.

ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರ ಪಾಠಶಾಲೆಗಳಿಂದಲೂ ಅಚ್ಚುಕೂಟದಿಂದಲೂ ಈ ಹೆಸರು ಗೌರವವನ್ನು ಪಡೆಯಿತು. ಹುಟ್ಟಿದಾಗಲಾದರೋ ಅದು ಬರಿಯ ಅಪಹಾಸ್ಯ. 1729ರ ಸುಮಾರಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ವೆಸ್ಲಿಯವರೂ ಅವರ ಅಣ್ಣಂದಿರಾದ ಜಾನ್ ವೆಸ್ಲಿಯವರೂ ಕೆಲವು ಮಿತ್ರರೊಡನೆ ಕೂಡಿ, ಹೊತ್ತುಹೊತ್ತಿಗೆ ಕೆಲಸವನ್ನು ಗೊತ್ತುಮಾಡಿಕೊಂಡು, ಸತ್ಯವೇದವನ್ನು ಓದುತ್ತ, ಉಪವಾಸವಿರುತ್ತ, ಸೆರೆಮನೆಯವರನ್ನು ಸಂಧಿಸುತ್ತ ಇದ್ದರು. ಉಳಿದ ವಿದ್ಯಾರ್ಥಿಗಳು ಸುಮ್ಮನಿದ್ದಾರೆಯೆ? ‘ಪವಿತ್ರ ಕೂಟ’ವೆಂದರು, ‘ಬೈಬಲ್ ನುಸಿ’ಗಳೆಂದರು, ಕಡೆಗೆ ‘ಮೆಥೊಡಿಸ್ಟ’ರೆಂದರು, ಎಂದರೆ ಕಟ್ಟಳೆಯವರು. ಮೂಲದ ಗ್ರೀಕ್ ಪದಕ್ಕೆ ದಾರಿ ಹಿಡಿದು ನಡೆಯುವುದೆಂದರ್ಥ. ಪುರಾತನ ರೋಮಿನಲ್ಲಿ ಇದೇ ಹೆಸರಿನ ವೈದ್ಯಪಂಥವೊಂದಿದ್ದುದನ್ನು ಜಾನ್ ವೆಸ್ಲಿಯವರೇ ಸ್ಮರಿಸಿದ್ದಾರೆ.

ಅವರ ಮೇಲೆ ಬಿದ್ದ ಇನ್ನೊಂದು ಬೈಗುಳು ‘ಎಂಥೂಸಿಯಾಸ್ಟ್’. ಇಂದು ಉತ್ಸಾಹಿ ಎಂಬರ್ಥದಲ್ಲಿ ಮೆಚ್ಚಿ ಆಡುವ ಈ ಮಾತು ಅಂದು ನಿಂದೆಯಾಗಿತ್ತು. ಇದೂ ಗ್ರೀಕಿನಿಂದ ಬಂದುದೇ. ಒಳಗೆ ದೇವರುಳ್ಳವನೆಂಬುದು ಅದರ ಮೂಲ. ನಮ್ಮ ಹಳ್ಳಿಗರು ‘ಮೈಮೇಲೆ ದೇವರು ಬಂದಿದೆ’ ಎನ್ನುವುದಿಲ್ಲವೆ, ಹಾಗೆ. 1755ರ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಎಂಥೂಸಿಯಾಸಮ್ ಎಂಬುದಕ್ಕೆ ದೇವರು ತನಗೆ ಪ್ರತ್ಯೇಕವಾಗಿ ತಿಳಿಯಪಡಿಸಿದನೆಂಬ ವ್ಯರ್ಥವಾದ ನಂಬಿಕೆಯೆಂದೇ ಅರ್ಥ ಹೇಳಿತು.

ವೆಸ್ಲಿಯವರು ಮಾಡಿದ್ದೇನು? 1742ರಲ್ಲಿ ಮೆಥೊಡಿಸ್ಟನ ಲಕ್ಷಣಗಳನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿ, ಈ ಹೆಸರು ತಾವಿಟ್ಟುಕೊಂಡದ್ದಲ್ಲ, ನಿಂದೆಯಾಗಿ ತಮಗೆ ಅಂಟಿಸಿದ್ದು ಎಂದರು. ಆದರೂ ಅದನ್ನು ಹೊತ್ತುಕೊಂಡೇ ನಡೆದರು. ಅಂತಿಯೋಕ್ಯದ ಶಿಷ್ಯರಿಗೆ ‘ಕ್ರೈಸ್ತ’ರೆಂಬ ಹೆಸರನ್ನು ಕೊಟ್ಟವರೂ ಹೊರಗಿನವರೇ ಇರಬೇಕೆಂದು ನನಗೆ ತೋರುತ್ತದೆ. ಈಗ ‘ಮೆಥೊಡಿಸ್ಟ್’ ಎಂದರೆ ಯಾರೂ ನಗುವುದಿಲ್ಲ. ಇದು ಪೂರ್ಣವಾಗಿ ಸಂತೋಷದ ಸಂಗತಿಯೆಂದು ಹೇಳಲಾರೆ. ಯಾರಿಗೂ ನಗೆ ಬಾರದಷ್ಟು ನಮ್ಮ ಆಸಕ್ತಿಯೇ ತಣ್ಣಗಾಗಿದೆಯೋ ಏನೋ!

ಈ ‘ಕಟ್ಟಳೆ’ ಆಕ್ಸ್‌ಫರ್ಡಿನಲ್ಲಿ ಮೊದಲಾದುದೂ ಅಲ್ಲ. ಅವರ ತಾಯಿ ಸುಸನ್ನಾ ವೆಸ್ಲಿಯಮ್ಮನವರು ಮಕ್ಕಳಿಗೆ ಮನೆಯಲ್ಲೇ ಗೊತ್ತಾದ ವೇಳೆಗೆ ಪಾಠ ಹೇಳುತ್ತಿದ್ದರು. 1732ರಲ್ಲಿ ಜಾನರಿಗೆ ಬರೆದ ಕಾಗದದಲ್ಲಿ ಆಕೆ ತಮ್ಮ ಮನೆಯ ನಿಯಮಗಳನ್ನು ವಿವರಿಸುತ್ತ, ಹೆಣ್ಣುಮಗುವಿಗೆ ಓದು ಚೆನ್ನಾಗಿ ಬರುವ ತನಕ ಸೂಜಿಯ ಕೆಲಸವನ್ನು ಕಲಿಸಕೂಡದೆಂದು ಹೇಳಿದ್ದಾರೆ. ಹೊಲಿಗೆಯ ಉಪಾಧ್ಯಾಯಿನಿಯರು ನನ್ನನ್ನು ಕ್ಷಮಿಸಬೇಕು, ಮಾತು ಸುಸನ್ನಮ್ಮನವರದು.