ಜೀಗುಜ್ಜೆಗೆ ಶಾಲು ಹೊದಿಸಬೇಡಿ

ಬಸವೇಶ್ವರನಗರ, ವಿಜಯನಗರದ ಕಡೆ ಕರಾವಳಿಯವರ ಮನೆ ಹುಡುಕಲು ನಾಮಫಲಕ ಓದಬೇಕಿಲ್ಲ. ಕಾಂಪೌಂಡಿನಾಚೆ ಅಗಲ ಎಲೆಯ ಜೀಗುಜ್ಜೆ ಇಣುಕಿದರೆ ಸಾಕು. ಊರು ಬಿಟ್ಟರೂ ಪೋಡಿಯ ಚಪಲ ಬಿಡುವುದಿಲ್ಲವಲ್ಲ! ನಮ್ಮ ಹಿತ್ತಲಲ್ಲೂ ಒಂದು ಮರವಿದೆ. ಹಾಗಾಗಿ ಡಿಸೆಂಬರ್ ಬಂತೆಂದರೆ ನೆಂಟರಿಷ್ಟರು ಫೋನ್ ಮಾಡಿ ಕೇಳುತ್ತಾರೆ: ಸಸಿಗೆ ಪ್ಲಾಸ್ಟಿಕ್ ಸುತ್ತಬೇಕಾ, ಗೋಣಿಚೀಲವಾ?

ಎರಡೂ ಬೇಡ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಪೆಸಿಫಿಕ್ ದ್ವೀಪಗಳ ಕಡೆಯಿಂದ ಬಂದ ಈ ಗಿಡಕ್ಕೆ ಮಾಗಿಚಳಿ ಒಗ್ಗದು, ಒಪ್ಪುತ್ತೇನೆ. ಚಿಗುರುವುದು ನಿಲ್ಲುತ್ತದೆ, ಎಲೆ ಉದುರುತ್ತದೆ. ಆದರೆ ಎಳೆ ಸಸಿಗೆ ಅದಕ್ಕಿಂತ ದೊಡ್ಡ ಕಂಟಕ ಬುಡದಲ್ಲಿ ನಿಂತ ತಣ್ಣೀರು. 2024ರ ನವೆಂಬರ್ ಕೊನೆಗೆ ಫೆಂಜಲ್ ಚಂಡಮಾರುತ ಪುದುಚೇರಿ ಬಳಿ ದಡ ಹತ್ತಿದಾಗ ಇಲ್ಲಿ ಬಿಸಿಲು ಮಾಯವಾಗಿ ಜಿಟಿಜಿಟಿ ಮಳೆ ಹಿಡಿದಿತ್ತು. ಅಂಥ ಹೊತ್ತಿನಲ್ಲಿ ಎಲೆ ಜೋತುಬಿದ್ದಿದೆ ಎಂದು ಇನ್ನೊಂದು ಬಕೆಟ್ ನೀರು ಸುರಿದರೆ ಬೇರು ಕೊಳೆಯದೆ ಇನ್ನೇನಾದೀತು? ಪ್ಲಾಸ್ಟಿಕ್ಕಿನೊಳಗೂ ಅಷ್ಟೆ, ಇಬ್ಬನಿ ಆರುವುದೇ ಇಲ್ಲ.

ತುದಿ ಕಪ್ಪಾದ ಕೂಡಲೇ ಕಿತ್ತೆಸೆಯುವವರಿದ್ದಾರೆ. ಬುಡದ ಹತ್ತಿರ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದು, ಬಿಳಿ ಹಾಲು ಜಿನುಗಿದರೆ ಜೀವವಿದೆ. ಯುಗಾದಿಯವರೆಗೆ ಕತ್ತರಿ, ಗೊಬ್ಬರ ಎರಡನ್ನೂ ದೂರವಿಡಿ.

ಸಸಿಗೆ ಬೇಕಾದ ಬೆಚ್ಚನೆ ಜಾಗ ಮನೆಯ ಪಶ್ಚಿಮಕ್ಕಿದೆ. ಅಲ್ಲಿನ ಗೋಡೆ ಮಧ್ಯಾಹ್ನದ ಬಿಸಿಲಿಗೆ ಕಾದು ರಾತ್ರಿ ಶಾಖ ಬಿಡುತ್ತದೆ; ಮೂಡಣ ಗಾಳಿಗೂ ಮನೆಯೇ ಅಡ್ಡ. ನೀರು ಬಸಿಯುವ ಮಣ್ಣು, ಬುಡದಿಂದ ಗೇಣು ಬಿಟ್ಟು ಒಂದಷ್ಟು ತರಗೆಲೆ ಇದ್ದರಾಯಿತು. ನಾವೋ, ಮೂವತ್ತು ನಲವತ್ತರ ಸೈಟಿನಲ್ಲಿ ಉಳಿದ ಚೂರು ನೆಲಕ್ಕೂ ಗ್ರಾನೈಟ್ ಹಾಸುತ್ತೇವೆ. ಉದುರಿದ ಎಲೆಯನ್ನು ಬೀದಿ ಮೂಲೆಗೆ ಗುಡಿಸಿ ಬೆಂಕಿ ಹಚ್ಚುತ್ತೇವೆ. ಆಮೇಲೆ ಬೈಗುಳವೆಲ್ಲ ಹವಾಮಾನಕ್ಕೆ.

ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಆಸೆಪಟ್ಟು ಸಸಿ ತಂದವರು ಅದನ್ನು ಕುಂಡದಲ್ಲೇ ಇಟ್ಟು, ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ನೆಲಕ್ಕಿಳಿಸಲಿ. ಅಷ್ಟರೊಳಗೆ ನಾಲ್ಕು ಚಪ್ಪಡಿ ಎಬ್ಬಿಸಲು ಒಬ್ಬ ಮೇಸ್ತ್ರಿ ಸಿಕ್ಕೇ ಸಿಗುತ್ತಾನೆ.