ಹರಾಜು ಬಂತು, ಅದೇ ರಾಗ ಶುರು!

ಐಪಿಎಲ್ ಹರಾಜು ಬಂತೆಂದರೆ ನಮ್ಮ ಬ್ಲಾಗಿಗರದ್ದು ಒಂದೇ ಗೋಳು: "ಆರ್‌ಸಿಬಿಯಲ್ಲಿ ಕನ್ನಡಿಗರೆಲ್ಲಿ?"

ಅಲ್ಲ ಸ್ವಾಮಿ, 2008ರಲ್ಲಿ ದ್ರಾವಿಡ್, ಕುಂಬ್ಳೆ ಇಬ್ಬರೂ ಇದ್ದರು. ಎಂಟು ತಂಡಗಳಲ್ಲಿ ಏಳನೇ ಸ್ಥಾನ! 2025ರಲ್ಲಿ ಕಪ್ ಗೆದ್ದಾಗ ನಾಯಕ ಇಂದೋರಿನ ರಜತ್ ಪಾಟೀದಾರ್. ಫೈನಲ್ ಆಡಿದ ನಮ್ಮವನು ಮಯಾಂಕ್ ಒಬ್ಬನೇ, ಅದೂ ಗಾಯಗೊಂಡ ಪಡಿಕ್ಕಲ್ ಜಾಗಕ್ಕೆ ಬಂದವನು. ಹೊಸದುರ್ಗದಲ್ಲಿ ನಾವು ಕುಣಿಯಲಿಲ್ಲವೇ?

ಕೊಳ್ಳುವವನು ಗೆಲ್ಲುವ ಸರಕನ್ನೇ ಕೊಳ್ಳುತ್ತಾನೆ. ತೆಂಗಿನ ಸಸಿ ನೆಡದೆ ಸಂತೆಯಲ್ಲಿ ಕಾಯಿಗೆ ಜಗಳವಾಡಿದರೆ ಹೇಗೆ? ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ನಾಯಕನಾಗಿ ಸತತ ಎರಡು ರಣಜಿ (2013-14, 2014-15) ಗೆದ್ದುಕೊಟ್ಟ. ಅಂಥವರು ಇನ್ನಷ್ಟು ಬೇಕೆಂದರೆ ತಾಲ್ಲೂಕಿಗೊಂದು ಒಳ್ಳೆಯ ಪಿಚ್, ಒಬ್ಬ ಕೋಚ್ ಕೇಳಿ. ಟೆನ್ನಿಸ್ ಬಾಲಿನಲ್ಲೇ ಮುಗಿದುಹೋಗುವ ಹುಡುಗರ ಹೆಸರು ಹರಾಜಿನ ಪಟ್ಟಿಗೇ ಬರುವುದಿಲ್ಲ. ಏನಂತೀರಿ?